ಕಡಲಿಗೊಂದು ಕಂಬದ ದೀಪ: ಕಾಪುವಿನ ದೀಪಸ್ತಂಭದ ಕಥೆ

(ನಾಡ ಪರಿಚಯ ಮಾಲೆ)

ಸಮುದ್ರವೆಂಬುದು ನಮ್ಮ ಸೀಮೆಯವರಿಗೆ ಬಹುಮಟ್ಟಿಗೆ ಕೇಳಿ ತಿಳಿದ ವಸ್ತು. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕಾವೇರಿ ಮತ್ತು ಸುವರ್ಣಾವತಿ. ಎತ್ತರವೆಂದರೆ ಮಲೆ ಮಹದೇಶ್ವರನ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟ. ದೀಪಸ್ತಂಭವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗುಡಿಯ ಅಂಗಳದ ಕಲ್ಲುಕಂಬ, ಕಾರ್ತೀಕ ಮಾಸದಲ್ಲಿ ಅದರ ನೆತ್ತಿಯ ಮೇಲೆ ಮಿನುಗುವ ಎಣ್ಣೆಯ ಹಣತೆ. ಆದರೆ ಧರ್ಮಸ್ಥಳ, ಉಡುಪಿ, ಕೊಲ್ಲೂರುಗಳ ಯಾತ್ರೆಗೆ ಹೊರಟ ನಮ್ಮ ಕುಟುಂಬಗಳಲ್ಲಿ ಅನೇಕರು ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಕಾಪು ಎಂಬ ಊರಿನ ಬಳಿ ಇಳಿದು, ಅಲ್ಲಿಯ ಮರಳ ದಡದಲ್ಲಿ ಬೇರೊಂದು ಬಗೆಯ ದೀಪಸ್ತಂಭವನ್ನು ನೋಡಿ ಬಂದಿರುತ್ತಾರೆ. ಬಿಳಿಯ ಮೈಗೆ ಕಪ್ಪು ಪಟ್ಟಿಗಳನ್ನು ಸುತ್ತಿಕೊಂಡು, ಒಂದು ದೊಡ್ಡ ಬಂಡೆಯ ಮೇಲೆ ನೆಟ್ಟಗೆ ನಿಂತಿರುವ ಆ ಗೋಪುರದ ಎದುರು ಭಾವಚಿತ್ರ ತೆಗೆಸಿಕೊಳ್ಳುವುದೂ ಉಂಟು. ಅದನ್ನು ಯಾರು ಏಕೆ ನಿಲ್ಲಿಸಿದರು, ಅದರೊಳಗಿನ ದೀಪದ ಮರ್ಮವೇನು, ಅದರ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ. ಈ ತಿಂಗಳು ಅದನ್ನೇ ಕೊಂಚ ವಿಸ್ತಾರವಾಗಿ ತಿಳಿಯೋಣ.

ಒಂದೇ ಆಡಳಿತದ ಎರಡು ಮೂಲೆಗಳು

ಕಾಪುವಿಗೂ ನಮಗೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧವುಂಟು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಅವನ ರಾಜ್ಯವನ್ನು ಹಂಚಿದಾಗ, ಕರಾವಳಿಯ ಕನ್ನಡ ಜಿಲ್ಲೆಯೂ ಕೊಯಮತ್ತೂರು ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದುದರಿಂದ ಅದೂ, ಅದರೊಳಗೇ ಇದ್ದ ಹನೂರೂ ಮದರಾಸು ಆಧಿಪತ್ಯಕ್ಕೆ ಒಳಪಟ್ಟವು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಮದರಾಸಿನ ಒಂದೇ ಆಡಳಿತದ ಕೆಳಗೆ ಕಾಪುವಿನ ಮೀನುಗಾರನೂ ಕೊಳ್ಳೇಗಾಲದ ರೇಷ್ಮೆ ನೇಯುವವನೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಾಳಿದರು. ಎರಡೂ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಒಂದೇ ದಿನ.

ಅಲ್ಲಿಂದ ಮುಂದೆಯೂ ಈ ಜೋಡಿ ಅಗಲಲಿಲ್ಲ. ಚಾಮರಾಜನಗರ ಮತ್ತು ಉಡುಪಿ ಇವೆರಡೂ 1997ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು. 2017ರಲ್ಲಿ ರಾಜ್ಯ ಸರ್ಕಾರವು ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಹನೂರಿನ ಹೆಸರೂ ಇತ್ತು, ಕಾಪುವಿನ ಹೆಸರೂ ಇತ್ತು. ಸುಮಾರು 350 ಕಿಲೋಮೀಟರುಗಳ ಅಂತರದಲ್ಲಿದ್ದರೂ ಕಾಪು ನಮಗೆ ತೀರ ಪರಊರೇನಲ್ಲ.

ಕೆಳದಿಯವರ ಕಾಲದ ಕಡಲು

ನಮ್ಮ ಸಮಾಜದವರಿಗೆ ಕರಾವಳಿಯ ನಂಟು ಇದಕ್ಕೂ ಹಳೆಯದು. ವೀರಶೈವ ಮನೆತನವಾದ ಕೆಳದಿಯ ಅರಸರು ಮಲೆನಾಡಿನಲ್ಲಿದ್ದುಕೊಂಡೇ ಘಟ್ಟದ ಕೆಳಗಿನ ರೇವುಗಳನ್ನು ಆಳಿದವರು. ಶಿವಪ್ಪ ನಾಯಕನು (1645–1660) ಪೋರ್ಚುಗೀಸರ ವಶದಲ್ಲಿದ್ದ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳನ್ನು ಗೆದ್ದುಕೊಂಡನು. ಬಸ್ರೂರು, ಮಂಗಳೂರುಗಳ ರೇವುಗಳಿಂದ ಅಕ್ಕಿಯೂ ಕಾಳುಮೆಣಸೂ ಹಡಗೇರಿ ಪರದೇಶಗಳಿಗೆ ಹೋಗುತ್ತಿದ್ದವು. ಹೊನ್ನಾವರದ ಎದುರಿನ ನಡುಗಡ್ಡೆಯಲ್ಲಿ ಇಂದಿಗೂ ಕಾಣುವ ಬಸವರಾಜದುರ್ಗವು ಆ ಮನೆತನದ ಕಾಲದ ಕೋಟೆ. ಕಾಪುವಿನಲ್ಲಿಯೂ ಕೆಳದಿಯ ಬಸಪ್ಪ ನಾಯಕನು 18ನೆಯ ಶತಮಾನದಲ್ಲಿ ಮನೋಹರಗಡವೆಂಬ ಕೋಟೆಯನ್ನು ಕಟ್ಟಿಸಿದನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಆ ಆಳ್ವಿಕೆ ಕೊನೆಗೊಂಡಿತು.

ಇಷ್ಟೊಂದು ವ್ಯಾಪಾರ ನಡೆಯುತ್ತಿದ್ದ ಆ ಕಾಲದ ನಾವಿಕರು ದಾರಿಯನ್ನು ಹೇಗೆ ಕಂಡುಕೊಳ್ಳುತ್ತಿದ್ದರು? ಹಗಲಿನಲ್ಲಿ ಅವರು ಘಟ್ಟದ ಶಿಖರಗಳನ್ನು ಗುರುತು ಹಿಡಿಯುತ್ತಿದ್ದರು. ಕುದುರೆಯ ಮುಖದಂತೆ ಕಾಣುವ ಕುದುರೆಮುಖದ ಶಿಖರವು ಅರಬ್ಬೀ ಸಮುದ್ರದ ಹಡಗುಗಳಿಗೆ ಬಹುಕಾಲ ದಾರಿಗುರುತಾಗಿತ್ತು. ಮುಂಗಾರಿನ ತಿಂಗಳುಗಳಲ್ಲಿ ಹಾಯಿಹಡಗುಗಳು ರೇವಿನಲ್ಲಿ ಬೀಡುಬಿಡುತ್ತಿದ್ದವು. ಮಳೆ ನಿಂತ ಮೇಲೆ, ಆಕಾಶ ತಿಳಿಯಾದ ಮೇಲೆ, ಯಾನ ಆರಂಭವಾಗುತ್ತಿತ್ತು. ರಾತ್ರಿಯಲ್ಲಿ ನಕ್ಷತ್ರಗಳೇ ಗತಿ. ಆದರೆ ನಕ್ಷತ್ರವು ದಿಕ್ಕನ್ನು ಹೇಳೀತೇ ಹೊರತು, ನೀರಿನೊಳಗೆ ಅಡಗಿರುವ ಬಂಡೆಯನ್ನು ಹೇಳಲಾರದು. ಮಲ್ಪೆಯಿಂದ ಮುಲ್ಕಿಯವರೆಗಿನ ತೀರದ ಆಚೆ, ಕಡಲಿನಲ್ಲಿ ಬಂಡೆಗಳೂ ಸಣ್ಣ ನಡುಗಡ್ಡೆಗಳೂ ಚದುರಿಕೊಂಡಿವೆ. ಉಬ್ಬರದ ಸಮಯದಲ್ಲಿ ಅವುಗಳಲ್ಲಿ ಕೆಲವು ಕಣ್ಣಿಗೆ ಬೀಳುವುದೇ ಕಷ್ಟ. ಕತ್ತಲಿನಲ್ಲಿ ಅಂತಹ ಬಂಡೆಗೆ ತಾಗಿದ ಹಡಗಿನ ಜನರನ್ನು ಉಳಿಸಬಲ್ಲವರು ಯಾರು?

ದೀಪಗಳು ಬಂದ ಬಗೆ

ದಡದ ಮೇಲೆ ಎತ್ತರದಲ್ಲಿ ಬೆಂಕಿ ಹೊತ್ತಿಸಿ ಹಡಗುಗಳಿಗೆ ಸೂಚನೆ ಕೊಡುವ ಪದ್ಧತಿ ಬಹಳ ಪುರಾತನವಾದುದು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದ ದೀಪಗೋಪುರವು ಕ್ರಿಸ್ತಪೂರ್ವ 3ನೆಯ ಶತಮಾನದ್ದು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಅದೂ ಒಂದು. ನಮ್ಮ ಕಡೆ, ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಕಟ್ಟಡವೊಂದರ ಮೇಲೆ 1796ರಲ್ಲಿ ಮೊದಲ ದೀಪವನ್ನು ಇರಿಸಲಾಯಿತು. ಅದು ಕೊಬ್ಬರಿ ಎಣ್ಣೆಯಿಂದ ಉರಿಯುವ ಬತ್ತಿಯ ದೀಪ. 1844ರಲ್ಲಿ ಅದಕ್ಕಾಗಿಯೇ ಒಂದು ಕಲ್ಲುಕಂಬವು ಎದ್ದಿತು. 1894ರಲ್ಲಿ ದೀಪವು ಹೈಕೋರ್ಟ್ ಕಟ್ಟಡದ ಗೋಪುರವನ್ನೇರಿತು. 1977ರಲ್ಲಿ ಮರೀನಾ ದಡದ ಹೊಸ ಗೋಪುರಕ್ಕೆ ಸ್ಥಳಾಂತರಗೊಂಡಿತು. ಒಂದೇ ಊರಿನ ದೀಪವು ನಾಲ್ಕು ಮನೆಗಳನ್ನು ಬದಲಿಸಿತೆನ್ನಬಹುದು.

ಕನ್ನಡ ಕರಾವಳಿಯಲ್ಲಿ ಕಾರವಾರದ ಎದುರಿನ ದೇವಗಡ ನಡುಗಡ್ಡೆಯ ದೀಪಸ್ತಂಭವು 1864ರದು. ಅಮೆರಿಕೆಯ ಅಂತರ್ಯುದ್ಧದಿಂದಾಗಿ ಆ ದೇಶದ ಹತ್ತಿಯು ಇಂಗ್ಲೆಂಡಿಗೆ ಬರುವುದು ನಿಂತುಹೋಗಿ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಹೆಚ್ಚಿ, ಕಾರವಾರದ ರೇವಿಗೆ ಮಹತ್ವ ಬಂದ ಕಾಲವದು. ಮಂಗಳೂರಿನ ಬಾವುಟಗುಡ್ಡದ ಮೇಲೂ ಒಂದು ಹಳೆಯ ದೀಪಗೋಪುರವಿದೆ. ಗುಡ್ಡದ ಆ ಭಾಗವನ್ನು ಇಂದಿಗೂ ಜನರು ಲೈಟ್‌ಹೌಸ್ ಹಿಲ್ ಎಂದೇ ಕರೆಯುತ್ತಾರೆ.

ಕಾಪುವಿನ ದೀಪಸ್ತಂಭವು ನಿರ್ಮಾಣಗೊಂಡದ್ದು 1901ರಲ್ಲಿ. ಅದರ ಎತ್ತರ ಸುಮಾರು 27 ಮೀಟರು, ಅಂದರೆ 89 ಅಡಿ. ಸಮುದ್ರದ ಅಂಚಿನ ಸಹಜವಾದ ಬಂಡೆಯನ್ನೇ ಬುನಾದಿಯಾಗಿ ಆರಿಸಿಕೊಂಡದ್ದು ಕಟ್ಟಿದವರ ಜಾಣ್ಮೆ. ಮರಳಿನ ದಡವು ವರ್ಷದಿಂದ ವರ್ಷಕ್ಕೆ ಕೊರೆದುಹೋಗುತ್ತದೆ, ಬಂಡೆಯು ಕದಲುವುದಿಲ್ಲ. ಮಳೆಗಾಲದಲ್ಲಿ ತೆರೆಗಳು ಬಂಡೆಯ ಬುಡಕ್ಕೆ ಬಂದು ಅಪ್ಪಳಿಸುತ್ತವೆ. ಒಂದು ಶತಮಾನಕ್ಕೂ ಮಿಗಿಲಾಗಿ ಆ ಹೊಡೆತವನ್ನು ಸಹಿಸಿಕೊಂಡು ಗೋಪುರವು ನಿಂತಿದೆ.

ಅದರ ಮೈಮೇಲಿನ ಕಪ್ಪು ಬಿಳುಪಿನ ಪಟ್ಟಿಗಳು ಅಲಂಕಾರಕ್ಕಾಗಿ ಬಳಿದವಲ್ಲವೆಂಬುದನ್ನು ಗಮನಿಸಬೇಕು. ರಾತ್ರಿಯಲ್ಲಿ ದೀಪದಿಂದ ಗುರುತು ಸಿಗುವಂತೆ ಹಗಲಿನಲ್ಲಿ ಬಣ್ಣದಿಂದ ಗುರುತು ಸಿಗಬೇಕು. ಆದುದರಿಂದ ಪ್ರತಿಯೊಂದು ದೀಪಸ್ತಂಭಕ್ಕೂ ಅದರದೇ ಆದ ಬಣ್ಣದ ವಿನ್ಯಾಸವಿರುತ್ತದೆ. ದೂರದಲ್ಲಿರುವ ನಾವಿಕನು ದುರ್ಬೀನಿನಲ್ಲಿ ಪಟ್ಟಿಗಳನ್ನು ಕಂಡೊಡನೆಯೇ ತಾನಿರುವುದು ಯಾವ ತೀರವೆಂದು ತಿಳಿಯುತ್ತಾನೆ.

ಬೆಳಕನ್ನು ದೂರಕ್ಕೆ ಕಳಿಸುವ ಉಪಾಯ

ಮನೆಯ ದೀಪದ ಬೆಳಕು ಸುತ್ತಲೂ ಚೆಲ್ಲಿಹೋಗುತ್ತದೆ. ಒಂದಷ್ಟು ಮೇಲಕ್ಕೆ, ಒಂದಷ್ಟು ನೆಲಕ್ಕೆ, ಉಳಿದದ್ದು ನಾಲ್ಕು ದಿಕ್ಕಿಗೆ. ಕಡಲಿನ ದೀಪಕ್ಕೆ ಈ ದುಂದು ಸಲ್ಲದು. ಫ್ರಾನ್ಸಿನ ವಿಜ್ಞಾನಿ ಅಗಸ್ಟಿನ್ ಫ್ರೆನೆಲ್ (1788–1827) ಇದಕ್ಕೊಂದು ಪರಿಹಾರವನ್ನು ಕಂಡುಹಿಡಿದನು. ದಪ್ಪನಾದ ಒಂದೇ ಮಸೂರದ ಬದಲಿಗೆ, ಗಾಜಿನ ಉಂಗುರಗಳನ್ನು ಒಂದರ ಸುತ್ತ ಒಂದರಂತೆ ಜೋಡಿಸಿ, ಮೇಲಕ್ಕೂ ಕೆಳಕ್ಕೂ ಹೋಗುವ ಕಿರಣಗಳನ್ನು ಬಾಗಿಸಿ ನೇರವಾಗಿ ಕಡಲಿನ ಕಡೆಗೆ ತಿರುಗಿಸುವುದು ಆ ಉಪಾಯ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಇಂತಹ ಮಸೂರವು ಮೊದಲು ಬೆಳಗಿತು. ಮುಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಚಾನ್ಸ್ ಬ್ರದರ್ಸ್ ಕಾರ್ಖಾನೆಯು ಇಂತಹ ಮಸೂರಗಳನ್ನು ತಯಾರಿಸಿ ಲೋಕದ ನಾನಾ ತೀರಗಳಿಗೆ ಕಳಿಸಿತು.

ಆ ಕಾಲದ ದೀಪಸ್ತಂಭಗಳಲ್ಲಿ ಮೊದಲು ಉರಿದದ್ದು ಬತ್ತಿಯ ದೀಪವೇ. ಅನಂತರ ಸೀಮೆಎಣ್ಣೆಯನ್ನು ಕಾಯಿಸಿ ಆವಿಯಾಗಿಸಿ, ಆ ಆವಿಯಿಂದ ಮ್ಯಾಂಟಲನ್ನು ಪ್ರಜ್ವಲಿಸುವಂತೆ ಮಾಡುವ ದೀಪಗಳು ಬಂದವು. ಹಿಂದೆ ನಮ್ಮ ಹಳ್ಳಿಗಳ ಮದುವೆಗಳಲ್ಲಿ, ನಾಟಕಗಳಲ್ಲಿ, ತೇರಿನ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ಸಾಗುತ್ತಿದ್ದ ಪೆಟ್ರೊಮ್ಯಾಕ್ಸ್ ದೀಪದ ತತ್ತ್ವವೂ ಇದೇ. ಭಾರವಾದ ಮಸೂರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುವ ಏರ್ಪಾಡು ಹಲವೆಡೆ ಇತ್ತು. ಹಾಗೆ ತೇಲುವ ಟನ್ನುಗಟ್ಟಲೆ ತೂಕದ ಗಾಜನ್ನು ಒಂದು ಬೆರಳಿನಿಂದಲೂ ತಿರುಗಿಸಬಹುದು. ತಿರುಗಿಸುವ ಶಕ್ತಿಯು ಗೋಡೆಗಡಿಯಾರದಂತೆ ಕೀಲಿ ಕೊಟ್ಟ ತೂಕದ ಗುಂಡಿನಿಂದ ಬರುತ್ತಿತ್ತು.

ಮಸೂರವು ತಿರುಗಿದಂತೆ ಕಡಲಿನಲ್ಲಿರುವವನಿಗೆ ಬೆಳಕು ಮಿಂಚಿ ಮರೆಯಾಗುತ್ತದೆ. ಎಷ್ಟು ಮಿಂಚು, ನಡುವೆ ಎಷ್ಟು ಕ್ಷಣಗಳ ಕತ್ತಲೆ ಎಂಬ ಲೆಕ್ಕವು ಒಂದೊಂದು ದೀಪಸ್ತಂಭಕ್ಕೂ ಬೇರೆ ಬೇರೆ. ಈ ಲೆಕ್ಕಗಳನ್ನೆಲ್ಲ ಮುದ್ರಿಸಿದ ಪುಸ್ತಕವು ನಾವಿಕನ ಬಳಿ ಇರುತ್ತದೆ. ಅವನು ಮಿಂಚುಗಳನ್ನು ಎಣಿಸಿ, ಗಡಿಯಾರ ನೋಡಿ, ಇದು ಇಂತಹ ಊರಿನ ದೀಪವೆಂದು ನಿಶ್ಚಯಿಸುತ್ತಾನೆ. ಕತ್ತಲೆಯಲ್ಲಿ ದೀಪಸ್ತಂಭವು ತನ್ನ ಹೆಸರನ್ನೇ ಹೇಳಿಕೊಳ್ಳುವ ರೀತಿ ಇದು.

ಎತ್ತರದ ಅಗತ್ಯವೇನೆಂದು ಮಕ್ಕಳು ಕೇಳಿದರೆ ಹೀಗೆ ವಿವರಿಸಬಹುದು. ಭೂಮಿಯು ಗುಂಡಾಗಿರುವುದರಿಂದ ಕಡಲಿನ ಮಟ್ಟದಲ್ಲಿರುವ ದೀಪವು ಬಹು ಬೇಗ ದಿಗಂತದ ಕೆಳಗೆ ಮರೆಯಾಗುತ್ತದೆ. ನೀರಿನ ಮಟ್ಟದಿಂದ 25 ಮೀಟರು ಎತ್ತರದಲ್ಲಿರುವ ದೀಪಕ್ಕೆ ದಿಗಂತವು ಸುಮಾರು 18 ಕಿಲೋಮೀಟರು ದೂರದಲ್ಲಿರುತ್ತದೆ. ಹಡಗಿನ ಅಟ್ಟದ ಮೇಲೆ 9 ಮೀಟರು ಎತ್ತರದಲ್ಲಿ ನಿಂತವನಿಗೆ ಇನ್ನೂ ಸುಮಾರು 11 ಕಿಲೋಮೀಟರು ಸೇರಿ, ಅವನು 29 ಕಿಲೋಮೀಟರು ದೂರದಿಂದಲೇ ದೀಪವನ್ನು ಕಾಣಬಲ್ಲನು. ಅಷ್ಟು ದೂರದಲ್ಲಿ ಎಚ್ಚರಿಕೆ ಸಿಕ್ಕಿದರೆ ದೊಡ್ಡ ಹಡಗನ್ನು ತಿರುಗಿಸಲು ಬೇಕಾದಷ್ಟು ಅವಕಾಶವಿರುತ್ತದೆ.

ದೀಪ ಕಾಯುವ ಕಾಯಕ

ಇಷ್ಟೆಲ್ಲ ಯಂತ್ರವಿದ್ದರೂ ದೀಪ ತಾನಾಗಿ ಉರಿಯುತ್ತಿರಲಿಲ್ಲ. ಸೂರ್ಯಾಸ್ತಕ್ಕೆ ಹೊತ್ತಿಸಿ, ಸೂರ್ಯೋದಯಕ್ಕೆ ಆರಿಸುವವರೆಗೆ ಸರದಿಯ ಮೇಲೆ ಒಬ್ಬರಾದರೂ ಎಚ್ಚರವಾಗಿರಲೇಬೇಕಾಗಿತ್ತು. ಎಣ್ಣೆಯ ಡಬ್ಬಿಗಳನ್ನು ಸುರುಳಿ ಮೆಟ್ಟಿಲುಗಳ ಮೇಲೆ ಹೊತ್ತೊಯ್ಯಬೇಕು. ತೂಕದ ಗುಂಡು ಕೆಳಗಿಳಿದಂತೆಲ್ಲ ಮತ್ತೆ ಸುತ್ತಿ ಮೇಲೇರಿಸಬೇಕು. ಗಾಜಿನ ಮೇಲೆ ಕುಳಿತ ಮಸಿಯನ್ನೂ ಉಪ್ಪಿನ ಪೊರೆಯನ್ನೂ ಒರೆಸಬೇಕು. ಹಿತ್ತಾಳೆಯನ್ನು ಉಜ್ಜಿ ಬೆಳಗಿಸಬೇಕು. ಹವೆ, ಗಾಳಿ, ದೀಪದ ಸ್ಥಿತಿಗತಿಗಳನ್ನು ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಬೆಳಗಾದ ಮೇಲೆ ಮಸೂರದ ಸುತ್ತ ಪರದೆ ಎಳೆಯುವುದೂ ಒಂದು ಮುಖ್ಯ ಕೆಲಸ. ಏಕೆಂದರೆ ಒಳಗಿನ ಬೆಳಕನ್ನು ಹೊರಕ್ಕೆ ಕಳಿಸುವ ಅದೇ ಗಾಜು ಹಗಲಿನಲ್ಲಿ ಬಿಸಿಲನ್ನು ಒಳಕ್ಕೆ ಒಟ್ಟುಗೂಡಿಸಿ ಬೆಂಕಿಯನ್ನೇ ಹೊತ್ತಿಸೀತು.

ಈ ಕಾಯಕದಲ್ಲೊಂದು ವಿಶೇಷವಿದೆ. ಅನ್ನ ಬಡಿಸಿದವನು ಉಂಡವನ ಮುಖವನ್ನು ನೋಡುತ್ತಾನೆ. ನೀರು ಕೊಟ್ಟವನು ದಣಿದವನ ಕಣ್ಣನ್ನು ನೋಡುತ್ತಾನೆ. ದೀಪ ಕಾಯುವವನು ಮಾತ್ರ ತನ್ನಿಂದ ಬದುಕಿದವನನ್ನು ಎಂದಿಗೂ ಕಾಣಲಾರನು. ಹಡಗು ಬಂಡೆಗೆ ತಾಗದೆ ಹಾದುಹೋದರೆ ಅದು ಸುದ್ದಿಯಾಗುವುದಿಲ್ಲ. ತನ್ನ ಕೆಲಸ ಸರಿಯಾಗಿ ನಡೆದ ರಾತ್ರಿ ಏನೂ ನಡೆಯಲಿಲ್ಲವೆಂದೇ ಅವನು ಪುಸ್ತಕದಲ್ಲಿ ಬರೆಯುತ್ತಾನೆ.

ಖರ್ಚು ಯಾರದು?

ಮೊದಮೊದಲು ಒಂದೊಂದು ಪ್ರಾಂತ್ಯ, ಒಂದೊಂದು ರೇವು ತನ್ನ ತನ್ನ ದೀಪಗಳನ್ನು ನೋಡಿಕೊಳ್ಳುತ್ತಿತ್ತು. 1927ರ ದೀಪಸ್ತಂಭ ಕಾಯ್ದೆಯಿಂದ ಅವುಗಳ ಮೇಲ್ವಿಚಾರಣೆಯು ದೇಶಕ್ಕೆಲ್ಲ ಒಂದೇ ಇಲಾಖೆಯ ಕೈಗೆ ಬರಲು ಅನುವಾಯಿತು. ಆ ಕಾಯ್ದೆಯ ನೆನಪಿಗಾಗಿ ಸೆಪ್ಟೆಂಬರ್ 21ನ್ನು ರಾಷ್ಟ್ರೀಯ ದೀಪಸ್ತಂಭ ದಿನವೆಂದು ಆಚರಿಸಲಾಗುತ್ತದೆ. ಭಾರತದ ರೇವುಗಳಿಗೆ ಬರುವ ದೊಡ್ಡ ಹಡಗುಗಳಿಂದ ಅವುಗಳ ಗಾತ್ರಕ್ಕೆ ತಕ್ಕಂತೆ ದೀಪದ ಸುಂಕವನ್ನು ವಸೂಲು ಮಾಡಿ, ಆ ಹಣದಿಂದ ದೀಪಗಳನ್ನು ನಡೆಸುವುದು ಕ್ರಮ. ಸಣ್ಣ ನಾವೆಗಳಿಗೆ ಈ ಸುಂಕದಿಂದ ವಿನಾಯಿತಿ ದೊರೆಯಿತು. ಹೀಗಾಗಿ ಸಾವಿರಾರು ಟನ್ನಿನ ಹಡಗು ಕೊಟ್ಟ ಹಣದಿಂದ ಉರಿಯುವ ದೀಪವು ಕಾಪುವಿನ ಬಡ ಮೀನುಗಾರನ ದೋಣಿಗೂ ಬಿಟ್ಟಿಯಾಗಿಯೇ ದಾರಿ ತೋರುತ್ತದೆ. ಉಳ್ಳವನ ಪಾಲಿನಿಂದ ಇಲ್ಲದವನೂ ಬೆಳಕು ಪಡೆಯುವ ಈ ವ್ಯವಸ್ಥೆಯು ದಾಸೋಹವನ್ನು ಬಲ್ಲ ನಮ್ಮ ಮನೆತನಗಳಿಗೆ ಸುಲಭವಾಗಿ ಅರ್ಥವಾಗುವಂಥದು. 2021ರಲ್ಲಿ ಸಂಸತ್ತು ಹಳೆಯ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ತಂದಿತು. ಪುರಾತನ ದೀಪಸ್ತಂಭಗಳನ್ನು ಪರಂಪರೆಯ ಸ್ಮಾರಕಗಳೆಂದು ಗುರುತಿಸುವುದಕ್ಕೆ ಅದರಲ್ಲಿ ಅವಕಾಶವಿದೆ.

ಕಡಲಿನ ದೀಪ, ಕಾವೇರಿಯ ದೀಪ

ಕಾಪುವಿನ ದೀಪ ಸಿದ್ಧವಾದ ಮರುವರ್ಷವೇ ನಮ್ಮ ಹೊಸ್ತಿಲಿನಲ್ಲಿ ಇನ್ನೊಂದು ಬೆಳಕು ಹುಟ್ಟಿತು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು 147 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಈ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದು ಫಲಿಸುವ ಮುನ್ನವೇ, 1901ರ ಸೆಪ್ಟೆಂಬರಿನಲ್ಲಿ, ಕಾಲವಾಗಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳು ಆ ವಿದ್ಯುತ್ತಿನಿಂದ ಬೆಳಗಿದವು.

ಆದರೆ ಹೊಳೆಯ ಒಂದು ದಡ ಮೈಸೂರಿನದು, ಇನ್ನೊಂದು ದಡ ಮದರಾಸಿನದು. ಗಗನಚುಕ್ಕಿ, ಭರಚುಕ್ಕಿಗಳ ಮೊರೆತವನ್ನು ಕೇಳುತ್ತ ಮಲಗುತ್ತಿದ್ದ ಹಳ್ಳಿಗಳಲ್ಲಿ ಉರಿಯುತ್ತಿದ್ದದ್ದು ಬುಡ್ಡಿದೀಪವೇ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಹಲವು ಹಳ್ಳಿಗಳಿಗೆ ವಿದ್ಯುತ್ ತಂತಿ ತಲುಪದೆ ತಲೆಮಾರುಗಳೇ ಕಳೆದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕಾಪುವಿನ ಗೋಪುರದ ಬುಡದಲ್ಲಿಯೂ ಕತ್ತಲೆಯೇ. ಆದರೆ ಅಲ್ಲಿ ಕತ್ತಲೆಗೆ ಕಾರಣವಿದೆ. ಬುಡದಲ್ಲಿರುವವನು ಗಟ್ಟಿ ನೆಲದ ಮೇಲೆ ನಿಂತಿದ್ದಾನೆ, ಬೆಳಕು ಬೇಕಾದವನು ದೂರದ ಅಪಾಯದಲ್ಲಿದ್ದಾನೆ. ಆದುದರಿಂದ ಬೆಳಕನ್ನು ಬೇಕೆಂದೇ ಅವನ ಕಡೆಗೆ ತಿರುಗಿಸಲಾಗಿದೆ. ಕಾಡಂಚಿನ ನಮ್ಮ ಹಳ್ಳಿಗಳ ಕತ್ತಲೆಗೆ ಅಂತಹ ಕಾರಣವೇನೂ ಇರಲಿಲ್ಲ. ರಾತ್ರಿ ಹೊತ್ತು ಆನೆಯ ಭಯದಲ್ಲಿ ರೋಗಿಯನ್ನು ಹೊತ್ತು ನಡೆಯಬೇಕಾದವನೂ ಅಪಾಯದಲ್ಲಿರುವವನೇ. ಯಾರಿಗೆ ಬೆಳಕಿನ ಅಗತ್ಯ ಹೆಚ್ಚಾಗಿದೆಯೋ ಅವರ ಕಡೆಗೆ ಅದನ್ನು ಮೊದಲು ತಿರುಗಿಸಬೇಕೆಂಬುದು ದೀಪಸ್ತಂಭದಿಂದ ಕಲಿಯಬೇಕಾದ ನ್ಯಾಯ. ಊರಿನ ಮುಖಂಡರೂ ಸಂಘಸಂಸ್ಥೆಗಳೂ ಇದನ್ನು ಮನನ ಮಾಡುವುದು ಒಳಿತು.

ಇಂದಿಗೂ ಬೇಕೆ?

ಈಗ ಆಕಾಶದಲ್ಲಿ ಉಪಗ್ರಹಗಳಿವೆ. ಅಂಗೈಯ ಮೊಬೈಲು ಫೋನೇ ನಾವಿರುವ ಸ್ಥಳವನ್ನು ತೋರಿಸುತ್ತದೆ. ಎಣ್ಣೆಯ ದೀಪದ ಜಾಗಕ್ಕೆ ವಿದ್ಯುತ್ ದೀಪ ಬಂದಿದೆ. ಅನೇಕ ಕಡೆ ಸೌರಫಲಕಗಳೂ ತಾನಾಗಿ ಹೊತ್ತಿಕೊಳ್ಳುವ ಯಂತ್ರಗಳೂ ಬಂದಿವೆ. ಹೀಗಿರುವಾಗ ದೀಪಸ್ತಂಭವೇಕೆ ಎಂಬ ಪ್ರಶ್ನೆ ಸಹಜ. ಬ್ಯಾಟರಿ ತೀರಿದರೆ, ನೀರು ಬಿದ್ದು ಉಪಕರಣ ಕೆಟ್ಟರೆ, ಸಂಕೇತಕ್ಕೆ ಅಡಚಣೆಯಾದರೆ ಮೊಬೈಲು ಮೂಕವಾಗುತ್ತದೆ. ದೀಪಸ್ತಂಭವು ನಾವಿಕನಿಂದ ಕೇಳುವುದು ತೆರೆದ ಕಣ್ಣನ್ನು ಮಾತ್ರ. ಆದುದರಿಂದಲೇ ನಮ್ಮ ದೇಶದ ತೀರದಲ್ಲಿ ಇಂದಿಗೂ 200ಕ್ಕೂ ಹೆಚ್ಚು ದೀಪಸ್ತಂಭಗಳನ್ನು ಉಳಿಸಿಕೊಳ್ಳಲಾಗಿದೆ. 2024ರ ಫೆಬ್ರವರಿಯಲ್ಲಿ ಅವುಗಳ ಪೈಕಿ 75ನ್ನು ಪ್ರವಾಸಿಗರ ಅನುಕೂಲಕ್ಕೆ ತಕ್ಕಂತೆ ಸಜ್ಜುಗೊಳಿಸಿ ರಾಷ್ಟ್ರಕ್ಕೆ ಅರ್ಪಿಸಲಾಯಿತು.

ನಮ್ಮ ಕಡೆ ದೀಪವೆಂದರೆ ಬಾ ಎಂಬ ಕರೆ. ಕಾಡುದಾರಿಯಲ್ಲಿ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರಿಗೆ ದೂರದಲ್ಲಿ ಒಂದು ದೀಪ ಕಂಡರೆ, ಅಲ್ಲಿ ಮನೆಯಿದೆ, ನೀರಿದೆ ಎಂಬ ಧೈರ್ಯ. ಕಡಲಿನ ದೀಪ ಹೇಳುವ ಮಾತು ಬೇರೆ: ಇಲ್ಲಿಗೆ ಬರಬೇಡ, ಇಲ್ಲಿ ಬಂಡೆಯಿದೆ. ಬರಮಾಡಿಕೊಳ್ಳುವುದು ಪ್ರೀತಿಯಾದರೆ ಎಚ್ಚರಿಸಿ ದೂರವಿಡುವುದೂ ಪ್ರೀತಿಯೇ. ಮನೆಯ ಹಿರಿಯರು ಕೆಲವೊಮ್ಮೆ ಕಿರಿಯರಿಗೆ ಬೇಡವೆಂದು ಹೇಳುವ ಮಾತನ್ನು ಈ ಬೆಳಕಿನಲ್ಲಿ ಅರಿಯಬೇಕು. ಹಾಗೆ ಹೇಳುವ ಹಿರಿಯರೂ ತಾವು ಬಂಡೆಯಂತೆ ಕದಲದೆ ನಿಂತು ಹೇಳಬೇಕು.

ನೋಡಬಯಸುವವರಿಗೆ

ಕಾಪುವು ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರು ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಊರು ತನ್ನ ಮಾರಿಗುಡಿಗಳಿಂದಲೂ ಪ್ರಸಿದ್ಧವಾಗಿದೆ. ಹೆದ್ದಾರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಕಡಲತೀರ. ಸಾಮಾನ್ಯವಾಗಿ ಸಂಜೆಯ ಹೊತ್ತು ಶುಲ್ಕ ಪಡೆದು ಗೋಪುರದ ಮೇಲೆ ಹತ್ತಲು ಬಿಡುತ್ತಾರೆ. ಹೊರಡುವ ಮುನ್ನ ವೇಳೆಯನ್ನು ವಿಚಾರಿಸಿಕೊಳ್ಳುವುದು ಉತ್ತಮ. ಮೆಟ್ಟಿಲುಗಳು ಕಡಿದಾಗಿರುವುದರಿಂದ ವಯಸ್ಸಾದವರು ಕೆಳಗೇ ಕುಳಿತು ಕಡಲನ್ನು ನೋಡಬಹುದು. ಮಕ್ಕಳ ಕೈಯನ್ನು ಬಿಡಬಾರದು. ಬಂಡೆಯ ಸುತ್ತಲಿನ ನೀರು ಶಾಂತವಾಗಿ ಕಂಡರೂ ಸೆಳೆತ ಬಲವಾದುದು. ಹೊಳೆಯಲ್ಲಿ ಈಜಿ ಅಭ್ಯಾಸವಿದೆಯೆಂದು ಕಡಲಿಗೆ ಇಳಿಯುವುದು ಸರ್ವಥಾ ಸಲ್ಲದು. ಮಳೆಗಾಲದಲ್ಲಿ ದಡದಿಂದಲೇ ನಮಸ್ಕರಿಸಿ ಬರುವುದು ಕ್ಷೇಮ.

ಸಾಧ್ಯವಾದರೆ ಕತ್ತಲಾಗುವವರೆಗೆ ಅಲ್ಲಿರಿ. ದೀಪ ಹೊತ್ತಿಕೊಂಡ ಮೇಲೆ ಮಕ್ಕಳಿಗೆ ಮಿಂಚುಗಳನ್ನು ಎಣಿಸಲು ಹೇಳಿ. ಅಷ್ಟೇ ಹೊತ್ತಿನಲ್ಲಿ, ನಮ್ಮ ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಯಾರೋ ಒಬ್ಬರು ಅದನ್ನೇ ಎಣಿಸುತ್ತ ಮನೆಯ ದಾರಿ ಹಿಡಿದಿರುತ್ತಾರೆ.